ಒಂದಂಗುಲ

ಸಿಗ್ನಿ ಎಡಚಿ.
ಕತ್ತರಿ, ಡಬ್ಬಿ ತೆರೆಯುವ ಚಾವಿ, ಅವಳಜ್ಜ ಬಿಟ್ಟುಹೋದ ಬಂದೂಕು,
ಎಲ್ಲ ಬಲಗೈಯವರು ಬಲಗೈಯವರಿಗೆಂದೇ ಮಾಡಿಟ್ಟದ್ದು.
ಅಜ್ಜನದರ ಬೋಲ್ಟು ಎಳೆದಾಗೆಲ್ಲ
ಬಿಸಿ ಬಿಸಿ ಖಾಲಿ ತೋಟಾ
ಅವಳ ಮೂಗಿನ ಮುಂದೆಯೇ ಹಾದುಹೋಗುತ್ತಿತ್ತು.

ಹದಿಮೂರು ತುಂಬಿದ ದಿನ ಹೇಳಿಬಿಟ್ಟೆ:
ನಿನಗೊಂದು ನಾನೇ ಜೋಡಿಸಿ ಕೊಡ್ತೀನಿ.
ಶಾಲಾ ಬಸ್ಸುಗಳ ಹೊಟ್ಟೆಯಡಿ
ಹದಿನೆಂಟು ವರ್ಷ ಅಂಗಾತ ಮಲಗಿದವಳು ನಾನು.
ಇದೇನು ಮಹಾ?

ಮಹಾನೇ ಆಗಿತ್ತು.

ನಮ್ಮ ಸಾಲ್ಮನ್ ಊರಲ್ಲಿ
ಮೊಳೆ, ಬಣ್ಣ, ಇಲಿಪಾಷಾಣದ ಜೊತೆ
ಬಂದೂಕಿನ ಪರವಾನಗಿಯೂ ಇರುವುದು ಡುವೇನ್ ಪ್ರುಯಿಟ್‌ಗೆ.
ಎಡಗೈ ಬೋಲ್ಟೆಂದರೆ ತಲೆ ಕೆರೆದುಕೊಂಡ.
ನಾಲ್ಕು ತಿಂಗಳ ಮೇಲೆ ಬಂತು, ಟ್ವಿನ್ ಫಾಲ್ಸ್‌ನ
ಯಾರೋ ತೀರಿಕೊಂಡವನ ಕಪಾಟಿನಿಂದ,
ಅಂಚಿಗಷ್ಟೇ ತುಕ್ಕು.
'ಹೆಂಡತಿ ಹೇಳಿದ್ದೇ ಬೆಲೆ,' ಅಂದ ಡುವೇನ್.
ಚೌಕಾಸಿ ಮಾಡಲು ನನಗೂ ಬಾಯಿ ಬರಲಿಲ್ಲ.
ಫಾರಂ ತುಂಬಿ ಎತ್ತಿಕೊಂಡೆ.

ನಳಿಗೆಗೆ ವೈಯೋಮಿಂಗಿನ ಅಣ್ಣತಮ್ಮಂದಿರು.
ಒಬ್ಬ ಕೊರೆಯುತ್ತಾನೆ, ಒಬ್ಬ ಫೋನೆತ್ತುತ್ತಾನೆ.
ಫೋನಿನವನಿಗೆ ಕಿವಿ ಮಂದ.
ಹತ್ತು ತಿಂಗಳು, ಅಂದ.
ಹತ್ತು ವಾರವಾ? ಅಂದೆ.
ಹೌದು ಹೌದು, ಹತ್ತು ತಿಂಗಳು.

ಕುದುರೆಗೆ ಮಾತ್ರ ಜಿಪುಣಿಯಾದೆ.
ನಲವತ್ತು ಡಾಲರಿನದು,
ಹೆಸರಿಗೆ ಕುದುರೆ, ನಡಿಗೆ ಕತ್ತೆಯದು,
ಒತ್ತಿದರೆ ಮರಳಲ್ಲಿ ಗಾಡಿ ಎಳೆದ ಹಾಗೆ.
ಕಾಸಿಗೆ ತಕ್ಕ ಕಜ್ಜಾಯ.
ಮೂರು ಪಟ್ಟು ಕೊಟ್ಟು ತರಿಸಿದ ಎರಡನೆಯದು
ಹುರಿಗಡಲೆ ಹಲ್ಲಿಗೆ ಸಿಕ್ಕ ಹಾಗೆ.
ಟಕ್. ಅಷ್ಟೇ.

ಹಿಡಿಗೆ ಅಕ್ರೋಟು ಮರ.
ಫ್ರೆಸ್ನೊದ ಹಾಗೋಪ್ ತೆರ್ಜಿಯನ್,
ಹಲಗೆ ಹಲಗೆಯ ಬೆನ್ನಲ್ಲೂ ಪೆನ್ಸಿಲಿನಲ್ಲಿ
ಮರ ಬಿದ್ದ ವರ್ಷ ಬರೆದಿಡುವ ಮುದುಕ.
ಬೆಲೆ ಹೇಳುವ ಮೊದಲು ಕೇಳಿದ:
ಯಾರಿಗೆ? ವಯಸ್ಸೆಷ್ಟು? ಅಪ್ಪ ಎತ್ತರವಾ?
ಆಮೇಲೆ ಅಂದ: ಗೆರೆಯ ಚಂದಕ್ಕೆ ಮರುಳಾಗಬೇಡ,
ಕೈ ಹಿಡಿಯುವ ಸೊಂಟದಲ್ಲಿ ಎಳೆ ನೇರ ಹೋಗಲಿ.
ಮತ್ತೆ, ಒಂದಂಗುಲ ಜಾಸ್ತಿ ಬಿಡು.
ಹಲಗೆ ಬೆಳೆದು ಮುಗಿಸಿದೆ,
ಹುಡುಗಿ ಇನ್ನೂ ಇಲ್ಲ.

ಮಾರುವವನ ಮಾತು, ಇದ್ದದ್ದೇ, ಅಂದುಕೊಂಡೆ.
ಅಡುಗೆಮನೆಯಲ್ಲಿ ನಿಲ್ಲಿಸಿ
ಮೊಣಕೈ ಮಡಿಕೆಯಿಂದ ತೋರುಬೆರಳಿಗೆ ಟೇಪು ಹಿಡಿದು
ಅಳೆದು ಸುರಿದು
ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲದೆ ಕೊಯ್ದೆ.
ಹೆಮ್ಮೆಯಿಂದ ಎಣ್ಣೆ ಹಚ್ಚಿದೆ, ಹನ್ನೊಂದು ಸಲ.
ನಳಿಗೆಗೆ ಕಾದೆ.

ಹತ್ತು ಹೋಗಿ ಹದಿನಾಲ್ಕಾಯಿತು.
ಆ ಹದಿನಾಲ್ಕು ತಿಂಗಳು ಸಿಗ್ನಿ ಏನು ಮಾಡುತ್ತಿದ್ದಳು?
ನನ್ನ ಕಣ್ಣೆದುರೇ, ಓಟ್ಸ್ ತಿನ್ನುತ್ತ,
ಎರಡು ಜೊತೆ ಬೂಟು ಬದಲಿಸುತ್ತ—
ನಾನು ಮಾತ್ರ ಅಂಚೆಪೆಟ್ಟಿಗೆ ನೋಡುತ್ತಿದ್ದೆ.

ಎಲ್ಲ ಜೋಡಿಸಿ ಕೈಗಿಟ್ಟೆ. ಹೆಗಲಿಗೇರಿಸಿದಳು.
ಕತ್ತು ಆಮೆಯಂತೆ ಒಳಗೆ,
ಹೆಬ್ಬೆರಳ ಗೆಣ್ಣು ಮೂಗಿಗೆ.
ಚೆನ್ನಾಗಿದೆ ಅಮ್ಮ, ಅಂದಳು.
ಸುಳ್ಳು ಹೇಳಲೂ ಕಲಿತಿದ್ದಳು.

ಹಾಗೋಪ್‌ಗೆ ಫೋನು ಮಾಡಿದೆ.
ಹೇಳಿರಲಿಲ್ಲವಾ ಅನ್ನಲಿಲ್ಲ.
ಕೆಮ್ಮು ಬರುವವರೆಗೆ ನಕ್ಕ.
ವಾರದೊಳಗೆ ಬಂತು ಸಣ್ಣ ಪೊಟ್ಟಣ, ಬಿಲ್ಲಿಲ್ಲ:
ಅದೇ ಹಲಗೆಯ ತುದಿ, ಬೆನ್ನಲ್ಲಿ ಪೆನ್ಸಿಲಿನಲ್ಲಿ ಅದೇ ವರ್ಷ,
ಕೆಳಗೆ 'ಸಿಗ್ನಿ, ಎಡ'.
ಮೊದಲ ದಿನವೇ ತೆಗೆದಿಟ್ಟಿದ್ದನಂತೆ.

ಅಂಟಿಸಿದೆ, ಉಜ್ಜಿದೆ.
ಬೆಸುಗೆಯ ಗೆರೆ ಬೇಕೆಂದರೂ ಮುಚ್ಚಲಿಲ್ಲ.
ನೋಡಿದವರು ಮೊದಲು ನೋಡುವುದೇ ಅದನ್ನು.

ನವೆಂಬರಿನ ಭಾನುವಾರ, ಕಲ್ಲುಕ್ವಾರಿಯ ಹಿಂದೆ,
ನೂರು ಗಜದಾಚೆ ಕಾಗದದ ತಟ್ಟೆಯಲ್ಲಿ
ಮೂರು ತೂತು, ಒಂದು ಬೊಗಸೆಯೊಳಗೆ.
ಕೊಡು, ನಾನೂ ಒಂದು ಸಲ, ಅಂದೆ.
ಬಲಗೈಯವಳು ನಾನು. ಹೆಗಲಿಗೇರಿಸಿದೆ, ಒತ್ತಿದೆ,
ತಡಕಾಡಿ ಬೋಲ್ಟು ಎಳೆದೆ.
ಬಿಸಿ ತೋಟಾ
ನನ್ನ ಮೂಗಿನ ಮುಂದೆಯೇ ಹಾದುಹೋಯಿತು.

ಸಿಗ್ನಿ ಹಿಮದಲ್ಲಿ ಕೂತೇಬಿಟ್ಟಳು, ನಕ್ಕೂ ನಕ್ಕೂ.